ಉಪಾಧ್ಯಾಯರಾಗುವ ಬಗೆ



ಶಿಕ್ಷಕರ ದಿನವಾದ ಸೆಪ್ಟೆಂಬರ್ 5ರಂದು ನಮ್ಮ ಶಾಲೆಯ ಪಾಠಗಳನ್ನು ಹತ್ತನೆಯ ತರಗತಿಯವರೇ ನಡೆಯಿಸುವುದು ವಾಡಿಕೆಯಷ್ಟೆ. ಈ ಸಲ ಅವರಲ್ಲೊಬ್ಬನು ಮೂರನೆಯ ತರಗತಿಗೆ ಕಳೆಯುವ ಲೆಕ್ಕ ಕಲಿಸಲು ಹೋದನು. 42ರಲ್ಲಿ 18ನ್ನು ಕಳೆಯಿರೆಂದು ಹಲಗೆಯ ಮೇಲೆ ಬರೆದನು. ಒಬ್ಬ ಹುಡುಗಿ 36 ಎಂದು ಬರೆದು ತೋರಿಸಿದಳು. ಈತನು “ತಪ್ಪು” ಎಂದು ಹೇಳಿ, ಅದನ್ನು ಅಳಿಸಿ, 24 ಎಂದು ಬರೆದನು. ಮುಂದಿನ ಲೆಕ್ಕದಲ್ಲಿಯೂ ಆಕೆ ಅದೇ ಬಗೆಯ ತಪ್ಪು ಮಾಡಿದಳು. ಅದರ ಮುಂದಿನದರಲ್ಲಿಯೂ ಹಾಗೆಯೇ. ಅರ್ಧ ಗಂಟೆಯ ತರುವಾಯ ನಮ್ಮ ವಿದ್ಯಾರ್ಥಿ ಬೆವರೊರೆಸಿಕೊಳ್ಳುತ್ತ ಬಂದು, “ಸರ್, ನನಗೆ ಚೆನ್ನಾಗಿ ಬರುವ ಲೆಕ್ಕವನ್ನೇ ಹೇಳಿಕೊಡುವುದು ಇಷ್ಟು ಕಷ್ಟವೇಕೆ?” ಎಂದು ಕೇಳಿದನು.

ಈ ಪ್ರಶ್ನೆ ನಮಗೆ ಬಹಳ ಮೆಚ್ಚಿಗೆಯಾಯಿತು. ಅದಕ್ಕೆ ಉತ್ತರವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಆ ಹುಡುಗಿ ಮಾಡಿದುದೇನೆಂಬುದನ್ನು ಮೊದಲು ನೋಡೋಣ. ಬಿಡಿಸ್ಥಾನದಲ್ಲಿ 2ರಿಂದ 8 ಹೋಗದು. ಆದಕಾರಣ ಆಕೆ 8ರಿಂದಲೇ 2ನ್ನು ಕಳೆದು 6 ಎಂದು ಬರೆದಳು. ಹತ್ತರ ಸ್ಥಾನದಲ್ಲಿ 4ರಿಂದ 1ನ್ನು ಕಳೆದು 3 ಎಂದು ಬರೆದಳು. ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯಬೇಕೆಂಬುದು ಅವಳು ತಾನೇ ಮಾಡಿಕೊಂಡ ನಿಯಮ. ಸರಿಯುತ್ತರವನ್ನು ಎಷ್ಟು ಸಲ ಬರೆದು ತೋರಿಸಿದರೂ ಆ ನಿಯಮ ಅಳಿಯದು. “ಮಗೂ, ನೀನು ಇದನ್ನು ಹೇಗೆ ಮಾಡಿದೆ?” ಎಂದು ಕೇಳಬೇಕು. ಹತ್ತು ಹತ್ತು ಕಡ್ಡಿಗಳ ನಾಲ್ಕು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಅವಳ ಕೈಗೆ ಕೊಡಬೇಕು. ಒಂದು ಕಟ್ಟನ್ನು ಬಿಚ್ಚದೆ 18 ಕಡ್ಡಿಗಳನ್ನು ತೆಗೆಯಲಾಗದೆಂಬುದನ್ನು ಆಗ ಅವಳೇ ಕಂಡುಕೊಳ್ಳುವಳು. ಲೆಕ್ಕ ಬರುವುದು ಒಂದು ವಿದ್ಯೆ. ಲೆಕ್ಕ ಬಾರದವರ ಮನಸ್ಸಿನಲ್ಲಿ ಏನು ನಡೆದಿದೆಯೆಂಬುದನ್ನು ಅರಿಯುವುದು ಇನ್ನೊಂದು ವಿದ್ಯೆ. ಈ ಎರಡನೆಯದನ್ನು ಕಲಿಸುವುದಕ್ಕಾಗಿಯೇ ಉಪಾಧ್ಯಾಯರ ತರಬೇತಿ ಏರ್ಪಟ್ಟಿದೆ.

ಈ ತರಬೇತಿ ಇಂದು ನಿನ್ನೆಯದಲ್ಲ. ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ 19ನೆಯ ಶತಮಾನದಲ್ಲಿಯೇ ಡೆಪ್ಯೂಟಿ ಚೆನ್ನಬಸಪ್ಪನವರು ಅಲ್ಲಿಯ ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾಗಿ ಕನ್ನಡ ಶಾಲೆಗಳಿಗೆ ಮಾಸ್ತರರನ್ನು ಸಿದ್ಧಪಡಿಸಿದರು. ನಮ್ಮ ಮುಂಬಯಿಯಲ್ಲಿ ಪ್ರೌಢಶಾಲೆಯ ಶಿಕ್ಷಕರಿಗಾಗಿ ಸರಕಾರಿ ತರಬೇತಿ ಕಾಲೇಜು 1906ರಲ್ಲಿ ಸ್ಥಾಪನೆಯಾಯಿತು. ಇಂದು ಇಂತಹ ಶಿಕ್ಷಣಕ್ಕೆಲ್ಲ ನಿಯಮಗಳನ್ನು ವಿಧಿಸುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು. ಇದು 1993ರ ಕಾಯಿದೆಯಂತೆ 1995ರಲ್ಲಿ ಕಾರ್ಯಾರಂಭ ಮಾಡಿತು.

ಉಪಾಧ್ಯಾಯರಾಗಬಯಸುವವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಡಿ.ಎಲ್.ಎಡ್. ಎಂಬ ಎರಡು ವರ್ಷದ ಡಿಪ್ಲೊಮಾ. ನಮ್ಮ ಹಿರಿಯರು ಡಿ.ಎಡ್. ಎಂದು ಕರೆಯುತ್ತಿದ್ದುದು ಇದನ್ನೇ. ಹನ್ನೆರಡನೆಯ ತರಗತಿಯಲ್ಲಿ ಶೇಕಡಾ 50 ಅಂಕಗಳನ್ನು ಪಡೆದವರು ಇದಕ್ಕೆ ಅರ್ಹರು. ಚಿಕ್ಕ ಮಕ್ಕಳಿಗೆ, ಎಂದರೆ 1ರಿಂದ 5ನೆಯ ತರಗತಿಯವರೆಗೆ ಕಲಿಸಲಿಚ್ಛಿಸುವವರ ದಾರಿ ಇದು.

ಎರಡನೆಯದು ವಿಶ್ವವಿದ್ಯಾಲಯವು ಕೊಡುವ ಬಿ.ಎಡ್. ಪದವಿ. ಇದಕ್ಕೆ ಮೊದಲು ಬಿ.ಎ., ಬಿ.ಎಸ್‌ಸಿ.ಯಂತಹ ಪದವಿಯೊಂದನ್ನು ಶೇಕಡಾ 50 ಅಂಕಗಳೊಡನೆ ಮುಗಿಸಿರಬೇಕು. ಮೀಸಲು ವರ್ಗದವರಿಗೆ ನಿಯಮದಂತೆ ರಿಯಾಯಿತಿಯುಂಟು. ಮಹಾರಾಷ್ಟ್ರದಲ್ಲಿ ರಾಜ್ಯದ ಪ್ರವೇಶ ಪರೀಕ್ಷೆಗೂ ಕುಳಿತುಕೊಳ್ಳಬೇಕು. ಹಿಂದೆ ಒಂದು ವರ್ಷದ್ದಾಗಿದ್ದ ಬಿ.ಎಡ್. ವ್ಯಾಸಂಗವನ್ನು 2014ರ ನಿಯಮಗಳು ಎರಡು ವರ್ಷಕ್ಕೆ ಏರಿಸಿದುವು. ಪದವಿಯೊಡನೆ ಬಿ.ಎಡ್. ಆದವರು 6ನೆಯ ತರಗತಿಯಿಂದ 10ನೆಯ ತರಗತಿಯವರೆಗೆ ಕಲಿಸಬಹುದು. 11 ಮತ್ತು 12ನೆಯ ತರಗತಿಗಳಿಗೆ ಸ್ನಾತಕೋತ್ತರ ಪದವಿಯೂ ಬೇಕು.

ಮೂರನೆಯದು ಹನ್ನೆರಡನೆಯ ತರಗತಿಯಾದೊಡನೆ ಸೇರುವ ನಾಲ್ಕು ವರ್ಷದ ಸಂಯುಕ್ತ ಶಿಕ್ಷಣ. ಇದರಲ್ಲಿ ಪದವಿಯೂ ಬಿ.ಎಡ್. ಪದವಿಯೂ ಒಟ್ಟಿಗೇ ದೊರೆಯುವುದರಿಂದ ಒಂದು ವರ್ಷ ಉಳಿಯುತ್ತದೆ. ಇಂತಹ ಪ್ರಯೋಗ ಮೈಸೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಕಾಲೇಜಿನಲ್ಲಿ ಬಹುಕಾಲದಿಂದ ನಡೆದುಬಂದಿತ್ತು. ಮಹಾರಾಷ್ಟ್ರವಾದರೋ ಭೋಪಾಲದ ಅಂತಹುದೇ ಸಂಸ್ಥೆಯ ವ್ಯಾಪ್ತಿಗೆ ಸೇರಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ, 2023ರಿಂದ ಇದು ಹೊಸ ರೂಪದಲ್ಲಿ ದೇಶದ ಹಲವು ವಿದ್ಯಾಸಂಸ್ಥೆಗಳಲ್ಲಿ ಆರಂಭವಾಯಿತು. ಇದರ ಪ್ರವೇಶಕ್ಕೆ ರಾಷ್ಟ್ರಮಟ್ಟದ ಸಾಮಾನ್ಯ ಪರೀಕ್ಷೆಯಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಬಿ.ಎಡ್. ದೊಡ್ಡ ಪದವಿಯಾದುದರಿಂದ ಅದನ್ನು ಪಡೆದವರು ಯಾವ ತರಗತಿಗಾದರೂ ಕಲಿಸಬಹುದೆಂದು ಅನೇಕರು ತಿಳಿದಿದ್ದಾರೆ. 2018ರಲ್ಲಿ ಬಿ.ಎಡ್. ಆದವರಿಗೂ ಪ್ರಾಥಮಿಕ ತರಗತಿಗಳಲ್ಲಿ ಅವಕಾಶ ದೊರೆತದ್ದು ನಿಜ. ಆದರೆ 2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಚಿಕ್ಕ ಮಕ್ಕಳಿಗೆ ಕಲಿಸಲು ಆ ವಯಸ್ಸಿಗೆ ತಕ್ಕ ತರಬೇತಿಯೇ ಬೇಕೆಂಬುದು ಅದರ ಅಭಿಪ್ರಾಯ. ನಮ್ಮ ಪರಿಚಯದ ತರುಣಿಯೊಬ್ಬಳು ಚಿಕ್ಕ ಮಕ್ಕಳಿಗೆ ಕಲಿಸುವ ಆಸೆಯಿಂದಲೇ ಎರಡು ವರ್ಷ ಬಿ.ಎಡ್. ಓದಿ, ಕೊನೆಗೆ ಆ ಬಾಗಿಲು ಮುಚ್ಚಿರುವುದನ್ನು ಕಂಡು ನಿಟ್ಟುಸಿರಿಟ್ಟಳು. ಆದುದರಿಂದ “ಯಾವ ವಯಸ್ಸಿನ ಮಕ್ಕಳಿಗೆ ಕಲಿಸಬೇಕೆಂದಿದ್ದೇನೆ?” ಎಂಬ ಪ್ರಶ್ನೆಯನ್ನು ಅರ್ಜಿ ತುಂಬುವ ಮೊದಲೇ ಕೇಳಿಕೊಳ್ಳಿರಿ.

ತರಬೇತಿಯಲ್ಲಿ ಕಲಿಯುವುದೇನು? ಮಗುವಿನ ಬೆಳೆವಣಿಗೆ, ಮನಶ್ಶಾಸ್ತ್ರ, ಶಿಕ್ಷಣದ ತತ್ತ್ವ, ಆಯಾ ವಿಷಯವನ್ನು ಬೋಧಿಸುವ ಕ್ರಮ, ಮೌಲ್ಯಮಾಪನ ಇವೆಲ್ಲ ಇವೆ. ಆದರೆ ಅದರ ಜೀವಾಳವೆಂದರೆ ಶಾಲೆಗಳಲ್ಲಿ ನಡೆಯುವ ಅಭ್ಯಾಸ. ಬಿ.ಎಡ್. ವಿದ್ಯಾರ್ಥಿಗಳು ಒಟ್ಟು 20 ವಾರಗಳನ್ನು ನಿಜವಾದ ಶಾಲೆಗಳಲ್ಲಿ ಕಳೆಯಬೇಕು. ತರಗತಿಗಳಲ್ಲಿ ಶೇಕಡಾ 80 ಹಾಜರಿ ಸಾಕಾದರೆ, ಶಾಲೆಯ ಅಭ್ಯಾಸದಲ್ಲಿ ಶೇಕಡಾ 90 ಹಾಜರಿ ಇರಬೇಕೆಂದು ನಿಯಮವಿದೆ. ಈ ಅಭ್ಯಾಸಕ್ಕೆ ಎಷ್ಟು ಬೆಲೆಯೆಂಬುದು ಇದರಿಂದಲೇ ತಿಳಿಯುವುದು.

ನಾವು ತರಬೇತಿಯಲ್ಲಿದ್ದಾಗ ಮೊದಲ ಪಾಠಕ್ಕೆಂದು 35 ನಿಮಿಷಗಳ ಟಿಪ್ಪಣಿಯನ್ನು ಬರೆದುಕೊಂಡು ಹೋಗಿದ್ದೆವು. ಹನ್ನೆರಡೇ ನಿಮಿಷಗಳಲ್ಲಿ ಹೇಳುವುದೆಲ್ಲ ಮುಗಿದುಹೋಯಿತು! ಕೈಕಾಲು ನಡುಗುತ್ತಿದ್ದುವು. ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದ ನಮ್ಮ ಗುರುಗಳು ತರುವಾಯ ಕರೆದು, “ನೀವು ಹೇಳಿದ್ದನ್ನೆಲ್ಲ ನಾನು ಬರೆದುಕೊಂಡಿದ್ದೇನೆ. ಮಕ್ಕಳು ಹೇಳಿದ್ದೇನೆಂದು ಬರೆಯಲು ಏನೂ ಸಿಗಲಿಲ್ಲ” ಎಂದರು. ಆ ಮಾತನ್ನು ನಾವು ಇಂದಿಗೂ ಮರೆತಿಲ್ಲ.

ಈ ಪದವಿಗಳ ಮೇಲೆ ಇನ್ನೊಂದು ಪರೀಕ್ಷೆಯಿದೆ. ಶಿಕ್ಷಣ ಹಕ್ಕಿನ ಕಾಯಿದೆ 2010ರಲ್ಲಿ ಜಾರಿಗೆ ಬಂದ ಮೇಲೆ 1ರಿಂದ 8ನೆಯ ತರಗತಿಯವರೆಗಿನ ಶಿಕ್ಷಕರ ನೇಮಕಕ್ಕೆ ಟಿ.ಇ.ಟಿ. ಎಂಬ ಅರ್ಹತಾ ಪರೀಕ್ಷೆಯನ್ನು ವಿಧಿಸಲಾಯಿತು. ಅದರಲ್ಲಿ 150 ಪ್ರಶ್ನೆಗಳಿಗೆ 150 ಅಂಕಗಳು. ತೇರ್ಗಡೆಗೆ ಶೇಕಡಾ 60, ಎಂದರೆ 90 ಅಂಕಗಳು ಬೇಕು. ಕೇಂದ್ರದ ಪರೀಕ್ಷೆಯಲ್ಲಿ ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದು.

“ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಇದೆಲ್ಲ ಸಾಧ್ಯವೇ?” ಎಂದು ನೀವು ಕೇಳಬಹುದು. ನಾವೂ ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ ಈ ನಗರಕ್ಕೆ ಬಂದವರು. ನಿಯಮಗಳು ಅಂಕವನ್ನೂ ಪದವಿಯನ್ನೂ ಕೇಳುತ್ತವೆಯೇ ಹೊರತು, ಯಾವ ಮಾಧ್ಯಮದಲ್ಲಿ ಅಕ್ಷರ ಕಲಿತಿರೆಂದು ಕೇಳುವುದಿಲ್ಲ. ಕನ್ನಡವನ್ನು ಕಲಿಸುವ ಆಸೆಯುಳ್ಳವರು ಪದವಿಯಲ್ಲಿ ಕನ್ನಡವನ್ನು ವಿಷಯವಾಗಿ ಉಳಿಸಿಕೊಳ್ಳಬೇಕು. ಅದನ್ನು ಬಿಟ್ಟುಕೊಟ್ಟವರು ಮುಂದೆ ಕನ್ನಡದ ಅಧ್ಯಾಪಕರಾಗುವುದು ಕಷ್ಟ. ಕನ್ನಡದಲ್ಲಿ ಉನ್ನತ ವ್ಯಾಸಂಗಕ್ಕೆ ಮುಂಬಯಿ ವಿಶ್ವವಿದ್ಯಾಲಯದಲ್ಲಿಯೇ ಕನ್ನಡ ವಿಭಾಗವಿದೆ. ಕರ್ನಾಟಕಕ್ಕೆ ಹೋಗಿ ಬಿ.ಎಡ್. ಓದಬಯಸುವವರು ಹೊರ ರಾಜ್ಯದವರಿಗೆ ಅನ್ವಯಿಸುವ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಮುಂಚಿತವಾಗಿ ಓದಿಕೊಳ್ಳಬೇಕು. ಯಾವ ಕಾಲೇಜಿಗೇ ಸೇರಲಿ, ಅದಕ್ಕೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡದೆ ಹಣ ಕಟ್ಟಬಾರದು.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಈ ನಗರದಲ್ಲಿ ಕನ್ನಡ ಶಾಲೆ ನಡೆಯಬೇಕಾದರೆ ಕಟ್ಟಡ, ಬೆಂಚು, ಪುಸ್ತಕಗಳಿದ್ದರೆ ಸಾಲದು. ಕನ್ನಡವನ್ನು ಬಲ್ಲ, ನಿಯಮದಂತೆ ಅರ್ಹತೆ ಪಡೆದ ಉಪಾಧ್ಯಾಯರು ಬೇಕು. ಊರಿನಿಂದ ಬಂದ ನಮ್ಮಂತಹವರು ಒಂದು ದಿನ ನಿವೃತ್ತರಾಗುವೆವು. ಆ ಕುರ್ಚಿಗೆ ಅರ್ಹರು ದೊರೆಯದಿದ್ದರೆ, ಮಕ್ಕಳಿದ್ದೂ ತರಗತಿ ನಿಲ್ಲಬಹುದು. ನಗರದ ಮಾತೂ ಮನೆಯ ಮಾತೂ ಎರಡನ್ನೂ ಬಲ್ಲ ನಿಮಗಿಂತ ಅದಕ್ಕೆ ಯೋಗ್ಯರು ಯಾರು?

ಅಂದು ಬೆವರೊರೆಸಿಕೊಂಡು ಬಂದ ವಿದ್ಯಾರ್ಥಿ ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಐಸ್‌ಕ್ರೀಮಿನ ಕಡ್ಡಿಗಳನ್ನು ರಬ್ಬರ್ ಪಟ್ಟಿಯಿಂದ ಕಟ್ಟಿಕೊಂಡು ಮತ್ತೆ ಮೂರನೆಯ ತರಗತಿಗೆ ಹೋದುದನ್ನು ನಾವು ನೋಡಿದೆವು. ಯಾರೂ ಅವನನ್ನು ಕಳುಹಿಸಿರಲಿಲ್ಲ. ಅಂತಹವರ ಸಂಖ್ಯೆ ನಿಮ್ಮಲ್ಲಿ ಬೆಳೆಯಲೆಂದು ಹಾರೈಸುತ್ತೇವೆ.