ಬೆಳೆಯ ಛಾಯಾಚಿತ್ರ: ತೆಗೆಯುವ, ಕಾಪಾಡುವ ಮತ್ತು ಪ್ರಕಟಿಸುವ ಕ್ರಮ

ಹೊಲದಲ್ಲಿ ನಿಂತಿರುವ ಪೈರನ್ನು ಕಣ್ಣಾರೆ ಕಂಡು ಪಹಣಿಯಲ್ಲಿ ಬರೆಯುವ ಕಾರ್ಯವು ಬಹುಕಾಲದವರೆಗೆ ಗ್ರಾಮದ ಕಂದಾಯ ನೌಕರರದಾಗಿದ್ದಿತು. ಕರ್ನಾಟಕದಲ್ಲಿ 2017ರಿಂದ ಈಚೆಗೆ ಬೆಳೆ ಸಮೀಕ್ಷೆಯು ಮೊಬೈಲ್ ಫೋನಿನ ಮೂಲಕ, ಹೊಲದ ಛಾಯಾಚಿತ್ರದೊಡನೆ ನಡೆಯುತ್ತಲಿದೆ. 2020ರ ಮುಂಗಾರಿನಿಂದ ಸಾಗುವಳಿದಾರನೇ ತನ್ನ ಹೊಲದ ಚಿತ್ರವನ್ನು ತೆಗೆದು ಕಳುಹಿಸುವುದಕ್ಕೆ ಅವಕಾಶವು ಒದಗಿದೆ. ಬೆಂಬಲ ಬೆಲೆಯ ಖರೀದಿಗೂ, ಬೆಳೆ ವಿಮೆಯ ಪರಿಶೀಲನೆಗೂ, ಅತಿವೃಷ್ಟಿ ಅನಾವೃಷ್ಟಿಗಳ ಪರಿಹಾರಕ್ಕೂ ಈ ಸಮೀಕ್ಷೆಯ ವಿವರಗಳನ್ನೇ ಉಪಯೋಗಿಸಲಾಗುತ್ತದೆ. ಆದಕಾರಣ ಹೊಲದ ಚಿತ್ರವು ಈಗ ಕೇವಲ ವಿನೋದದ ವಸ್ತುವಲ್ಲ. ಖರೀದಿ ಪತ್ರದಂತೆ ಅದೂ ಒಂದು ದಸ್ತಾವೇಜು. ದಸ್ತಾವೇಜನ್ನು ಬರೆಯುವಾಗ ಇರತಕ್ಕ ಎಚ್ಚರವು ಚಿತ್ರವನ್ನು ತೆಗೆಯುವಾಗಲೂ ಇರಬೇಕು.

ಔರಾದ ತಾಲ್ಲೂಕಿನ ಎಕಂಬಾ ಮೊದಲಾದ ಗ್ರಾಮಗಳಲ್ಲಿ ಮದುವೆ ಜಾತ್ರೆಗಳ ಚಿತ್ರವನ್ನು ಅಂದವಾಗಿ ತೆಗೆಯಬಲ್ಲ ತರುಣರು ಇದ್ದೇ ಇರುತ್ತಾರೆ. ಅದೇ ಕೈಗಳಿಗೆ ಬೆಳೆಯ ಚಿತ್ರದ ಕ್ರಮವನ್ನು ಕಲಿಸಿದಲ್ಲಿ ಗ್ರಾಮಕ್ಕೆ ಆಗುವ ಲಾಭವು ಅಲ್ಪವಾದುದಲ್ಲ. ಆ ಕ್ರಮವನ್ನು ಸಂಗ್ರಹವಾಗಿ ಕೆಳಗೆ ವಿವರಿಸಿದೆ.

ಚಿತ್ರವು ಉಂಟಾಗುವ ಬಗೆ

ಫೋನಿನ ಕ್ಯಾಮರಾವು ದೃಶ್ಯವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ವಿಭಾಗಿಸಿ, ಪ್ರತಿಯೊಂದು ಚುಕ್ಕೆಯ ಕೆಂಪು, ಹಸಿರು, ನೀಲಿ ಬಣ್ಣಗಳ ಪ್ರಮಾಣವನ್ನು ಸಾಮಾನ್ಯವಾಗಿ 0ಯಿಂದ 255ರವರೆಗಿನ ಅಂಕಿಗಳಲ್ಲಿ ಬರೆದಿಡುತ್ತದೆ. ಅಡ್ಡಲಾಗಿ 4000, ಉದ್ದಕ್ಕೆ 3000 ಚುಕ್ಕೆಗಳಿರುವ ಚಿತ್ರದಲ್ಲಿ ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. ದೂರದಲ್ಲಿ ನಿಂತು ಪರದೆಯ ಮೇಲೆ ಬೆರಳಿನಿಂದ ಹಿಗ್ಗಿಸಿದರೆ ಇದ್ದ ಚುಕ್ಕೆಗಳೇ ದೊಡ್ಡವಾಗಿ ಕಾಣುತ್ತವೆಯೇ ಹೊರತು ಹೊಸ ವಿವರವು ಹುಟ್ಟುವುದಿಲ್ಲ. ಆದುದರಿಂದ ಹಿಗ್ಗಿಸುವುದಕ್ಕಿಂತ ನಾಲ್ಕು ಹೆಜ್ಜೆ ಹತ್ತಿರಕ್ಕೆ ಹೋಗುವುದು ಲೇಸು.

ಚಿತ್ರಕ್ಕೆ ಬೆಳಗಿನ ಹತ್ತು ಗಂಟೆಯ ಒಳಗಿನ ಅಥವಾ ಸಂಜೆ ನಾಲ್ಕರ ನಂತರದ ಬೆಳಕು ಉತ್ತಮವಾದುದು. ಸೂರ್ಯನು ಬೆನ್ನ ಹಿಂದೆ ಅಥವಾ ಪಕ್ಕದಲ್ಲಿರಬೇಕು. ತೆಗೆಯುವವನ ನೆರಳು ಪೈರಿನ ಮೇಲೆ ಬೀಳಕೂಡದು. ಕ್ಯಾಮರಾದ ಗಾಜನ್ನು ಮೃದುವಾದ ಬಟ್ಟೆಯಿಂದ ಒರೆಸಬೇಕು. ಬೀದರಿನ ಬಿದರಿ ಕೆಲಸದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬೆಳ್ಳಿಯ ಎಳೆಯು ಎದ್ದು ಕಾಣುವುದನ್ನು ಎಲ್ಲರೂ ಬಲ್ಲರು. ಹಾಗೆಯೇ ರೋಗದ ಎಲೆಯನ್ನು ಕರಿಯ ಕಂಬಳಿಯ ಮೇಲಿಟ್ಟು ಚಿತ್ರ ತೆಗೆದರೆ ಅದರ ಅಂಚು, ಚುಕ್ಕೆ, ಬಣ್ಣಗಳೆಲ್ಲವೂ ಸ್ಪಷ್ಟವಾಗುತ್ತವೆ.

ಹೊಲದ ಸ್ಥಾನ

ಫೋನು ಆಕಾಶದಲ್ಲಿರುವ ಉಪಗ್ರಹಗಳಲ್ಲಿ ಕಡಿಮೆಯೆಂದರೆ ನಾಲ್ಕರ ಸಂಕೇತಗಳನ್ನು ಹಿಡಿದು ತಾನಿರುವ ಅಕ್ಷಾಂಶ ರೇಖಾಂಶಗಳನ್ನು ಗಣಿಸುತ್ತದೆ. ಅಕ್ಷಾಂಶದ ಒಂದು ಡಿಗ್ರಿಯ ಸಾವಿರದ ಒಂದು ಭಾಗವೆಂದರೆ ನೆಲದ ಮೇಲೆ ಸುಮಾರು 111 ಮೀಟರು. ಬಯಲಿನಲ್ಲಿ ಈ ಗಣನೆಯು ಕೆಲವೇ ಮೀಟರುಗಳಷ್ಟು ತಪ್ಪಬಹುದು; ದಟ್ಟವಾದ ಮರದ ಕೆಳಗೆ ಇನ್ನೂ ಹೆಚ್ಚಾಗಿ ತಪ್ಪುವುದುಂಟು. ಇಪ್ಪತ್ತು ಗುಂಟೆಯ ಚೌಕವಾದ ಹೊಲದ ಒಂದು ಬದಿಯು ಸುಮಾರು 45 ಮೀಟರು ಮಾತ್ರ. ಬದುವಿನ ಮೇಲೆ ನಿಂತು ಚಿತ್ರ ತೆಗೆದವನ ಸ್ಥಾನವು ನೆರೆಯವನ ಸರ್ವೆ ನಂಬರಿನಲ್ಲಿ ಬೀಳುವುದು ಹೇಗೆಂಬುದು ಇದರಿಂದ ತಿಳಿಯುವುದು. ಆದಕಾರಣ ಹೊಲದ ನಡುವೆ ಹೋಗಿ, ಒಂದು ನಿಮಿಷ ಸುಮ್ಮನೆ ನಿಂತು, ಸ್ಥಾನವು ಸ್ಥಿರವಾದ ಮೇಲೆ ಚಿತ್ರವನ್ನು ತೆಗೆಯತಕ್ಕದ್ದು. ಭೂಮಿಯನ್ನು ಪಾಲಿಗೆ ಕೊಟ್ಟು ಪಟ್ಟಣದಲ್ಲಿ ವಾಸಿಸುವ ಮಾಲೀಕರು ಸರ್ವೆ ನಂಬರನ್ನೂ ಹಿಸ್ಸೆಯನ್ನೂ ಪಾಲುದಾರನಿಗೆ ಬರೆದುಕೊಡುವುದು ಅವಶ್ಯ.

ಮಿಶ್ರ ಬೆಳೆಯ ವಿಷಯ

ನಮ್ಮ ಸೀಮೆಯಲ್ಲಿ ತೊಗರಿಯ ಸಾಲುಗಳ ನಡುವೆ ಸೋಯಾ, ಉದ್ದು ಅಥವಾ ಹೆಸರನ್ನು ಬಿತ್ತುವ ರೂಢಿಯುಂಟು. ಉದ್ದು ಹೆಸರುಗಳು ಮೊದಲು ಕೊಯ್ಲಿಗೆ ಬರುತ್ತವೆ, ಅನಂತರ ಸೋಯಾ, ತೊಗರಿಯ ರಾಶಿಯಾಗುವುದು ಬಹಳ ತಡವಾಗಿ. ಸೋಯಾ ಎತ್ತರವಾಗಿ ಬೆಳೆದಾಗ ತೆಗೆದ ಚಿತ್ರದಲ್ಲಿ ಎಳೆಯ ತೊಗರಿಯು ಮರೆಯಾಗುತ್ತದೆ. ಉದ್ದನ್ನು ಕಿತ್ತ ಮೇಲೆ ತೆಗೆದ ಚಿತ್ರದಲ್ಲಿ ಉದ್ದಿನ ಸುಳಿವೇ ಇರುವುದಿಲ್ಲ. ತೊಗರಿಯು ದಾಖಲೆಯಾಗದಿದ್ದಲ್ಲಿ ಮುಂದೆ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸುವಾಗ ತೊಡಕುಂಟಾಗುವುದು. ಎರಡು ಬೆಳೆಗಳೂ ನಿಂತಿರುವಾಗಲೇ ಸಾಲುಗಳ ಉದ್ದಕ್ಕೆ ನೋಡುವಂತೆ ಚಿತ್ರವನ್ನು ತೆಗೆದು, ಎರಡರ ಹೆಸರನ್ನೂ ವಿಸ್ತೀರ್ಣವನ್ನೂ ನಮೂದಿಸಬೇಕು. ಸಮೀಕ್ಷೆಗೆ ನೇಮಿತನಾದ ಖಾಸಗಿ ನಿವಾಸಿಯು ಬಂದಾಗ ಮಾಲೀಕನು ಹೊಲದಲ್ಲಿ ಹಾಜರಿರುವುದು ಯುಕ್ತ. ದಾಖಲಾದ ವಿವರವನ್ನೂ ಚಿತ್ರವನ್ನೂ ‘ಬೆಳೆ ದರ್ಶಕ’ ಎಂಬ ಆ್ಯಪ್‌ನಲ್ಲಿ ನೋಡಬಹುದು. ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆಯನ್ನು ಸಲ್ಲಿಸಬಹುದು.

ರೋಗದ ಚಿತ್ರ

ಒಣಗಿದ ತೊಗರಿಯ ಒಂದೇ ಚಿತ್ರವನ್ನು ಕಳುಹಿಸಿ ಔಷಧವನ್ನು ಕೇಳುವುದು ಹಲವರ ಅಭ್ಯಾಸ. ನೆಟೆ ರೋಗದಲ್ಲಿ ಗಿಡವು ಬಾಡುತ್ತದೆ. ಕಾಂಡವನ್ನು ಸೀಳಿದರೆ ಒಳಗೆ ಕಂದುಗಪ್ಪು ಗೀರುಗಳು ಕಾಣುತ್ತವೆ. ಇದರ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಎಲೆಯ ಮೇಲೆ ಸಿಂಪಡಿಸಿದ ಔಷಧದ ಹಣವು ವ್ಯರ್ಥ. ಬೀಜೋಪಚಾರ, ರೋಗನಿರೋಧಕ ತಳಿ, ಬೆಳೆ ಪರಿವರ್ತನೆ ಇವೇ ಇದಕ್ಕೆ ಉಪಾಯ. ಗೊಡ್ಡು ರೋಗವಾದರೋ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಹರಡತಕ್ಕದ್ದು. ಎಲೆಗಳು ಕಿರಿದಾಗಿ ತಿಳಿಹಸಿರಾಗುತ್ತವೆ, ಗಿಡವು ಹೂ ಬಿಡುವುದಿಲ್ಲ. ಅಂತಹ ಗಿಡಗಳನ್ನು ಮೊದಲಲ್ಲಿಯೇ ಕಿತ್ತು ನಾಶಪಡಿಸಬೇಕು. ದೂರದ ಚಿತ್ರದಿಂದ ಈ ಭೇದಗಳು ತಿಳಿಯುವುದಿಲ್ಲ. ಆದುದರಿಂದ ನಾಲ್ಕು ಚಿತ್ರಗಳು ಬೇಕು:

1. ಹೊಲದ ಒಟ್ಟು ನೋಟ, ರೋಗವು ಎಲ್ಲೆಲ್ಲಿ ಹಬ್ಬಿದೆಯೆಂಬುದು ಕಾಣುವಂತೆ.
2. ರೋಗದ ಒಂದು ಗಿಡ, ಪಕ್ಕದಲ್ಲಿ ಆರೋಗ್ಯವಾದ ಒಂದು ಗಿಡ.
3. ಎಲೆ, ಹೂ ಅಥವಾ ಕಾಯಿಯ ಸಮೀಪದ ಚಿತ್ರ, ಅಳತೆಗಾಗಿ ಒಂದು ನಾಣ್ಯದೊಡನೆ.
4. ಸೀಳಿದ ಕಾಂಡ ಮತ್ತು ತೊಳೆದ ಬೇರು.

ಇವುಗಳೊಡನೆ ತಳಿ, ಬಿತ್ತಿದ ದಿನ, ಹಿಂದಿನ ಬೆಳೆ, ಮಳೆಯ ಸ್ಥಿತಿ ಇಷ್ಟನ್ನು ಬರೆದು ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಬೀದರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಬೇಕು. ಬಣ್ಣವನ್ನು ಸುಂದರಗೊಳಿಸುವ ಉಪಕರಣಗಳನ್ನು ಉಪಯೋಗಿಸಕೂಡದು. ಎಲೆಯ ಹಳದಿಯೇ ಇಲ್ಲಿ ರೋಗದ ಗುರುತು.

ವಿಪತ್ತಿನ ಕಾಲದಲ್ಲಿ

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಮೇಘಸ್ಫೋಟ ಮೊದಲಾದ ಸ್ಥಾನಿಕ ವಿಪತ್ತುಗಳ ನಷ್ಟವನ್ನು 72 ಗಂಟೆಗಳ ಒಳಗೆ ತಿಳಿಸಬೇಕೆಂಬ ನಿಯಮವಿದೆ. ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆಗೆ ಅಕಾಲ ಮಳೆಯಿಂದಾದ ನಷ್ಟವೂ ಕೊಯ್ಲಿನಿಂದ 14 ದಿನಗಳವರೆಗೆ ಇದರಲ್ಲಿ ಸೇರುತ್ತದೆ. ಚಿತ್ರವೊಂದರಿಂದಲೇ ಪರಿಹಾರವು ದೊರೆಯದು. ಸ್ಥಳ ಪರಿಶೀಲನೆಯು ಆಗಬೇಕು. ಆದರೆ ಪರಿಶೀಲನೆಗೆ ಬರುವವರೆಗೆ ನೀರು ಇಳಿದುಹೋಗಬಹುದು. ಆ ದಿನವೇ ತೆಗೆದ, ಸ್ಥಾನವೂ ಕಾಲವೂ ಇರುವ ಚಿತ್ರವು ಆಗ ಸಾಕ್ಷಿಯಾಗಿ ನಿಲ್ಲುತ್ತದೆ. ನಷ್ಟಕ್ಕೆ ಮುಂಚೆ ಅದೇ ಹೊಲದ ಚಿತ್ರವಿದ್ದರೆ ಹೋಲಿಕೆಗೆ ಇನ್ನೂ ಅನುಕೂಲ. ಪ್ರತಿ ಹಂಗಾಮಿನಲ್ಲಿ ಬಿತ್ತನೆ, ಹೂ, ಕೊಯ್ಲು ಈ ಮೂರು ಕಾಲಗಳಲ್ಲಿ ಒಂದೊಂದು ಚಿತ್ರವನ್ನು ತೆಗೆದಿಡುವುದು ಉತ್ತಮ ಪದ್ಧತಿ.

ಕಾಪಾಡುವುದು ಮತ್ತು ಪ್ರಕಟಿಸುವುದು

ವಾಟ್ಸಾಪ್‌ನಲ್ಲಿ ಸಾಮಾನ್ಯ ರೀತಿಯಿಂದ ಕಳುಹಿಸಿದ ಚಿತ್ರವು ಕುಗ್ಗಿ, ಅದರೊಳಗಿನ ಸ್ಥಾನದ ವಿವರವೂ ಅಳಿಯುತ್ತದೆ. ‘ಡಾಕ್ಯುಮೆಂಟ್’ ಎಂಬ ರೀತಿಯಲ್ಲಿ ಕಳುಹಿಸಿದರೆ ಮೂಲದಂತೆಯೇ ತಲಪುತ್ತದೆ. ಮೂಲ ಚಿತ್ರವನ್ನು ಅಳಿಸದೆ, ಸರ್ವೆ ನಂಬರು ಮತ್ತು ತಾರೀಖಿನ ಹೆಸರಿನಲ್ಲಿ ಫೋನಿನ ಹೊರಗೆ ಇನ್ನೊಂದು ಕಡೆಯೂ ಇಡಬೇಕು.

ಗ್ರಾಮದವರಿಗಾಗಿ ತಿಳಿವಳಿಕೆ ಪತ್ರವನ್ನು ಸಿದ್ಧಪಡಿಸುವಾಗ ಒಂದು ಪತ್ರದಲ್ಲಿ ಒಂದೇ ವಿಷಯವಿರಲಿ. ಮೇಲೆ ಗ್ರಾಮ ಮತ್ತು ತಾರೀಖು, ಕೆಳಗೆ ಹೊಣೆಗಾರನ ಹೆಸರು ಇರಲಿ. ಅಕ್ಷರಗಳು ಯೂನಿಕೋಡ್ ಕ್ರಮದವಾಗಿರಬೇಕು. ಹಳೆಯ ಫಾಂಟುಗಳಲ್ಲಿ ಬರೆದ ಕನ್ನಡವು ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೋರುತ್ತದೆ. ಮಹಾರಾಷ್ಟ್ರ, ತೆಲಂಗಾಣಗಳ ಗಡಿಗೆ ತಾಗಿರುವ ನಮ್ಮ ತಾಲ್ಲೂಕಿನಲ್ಲಿ ಮರಾಠಿಯ ಒಂದು ಸಾಲನ್ನು ಕೂಡಿಸುವುದೂ ಉಪಯುಕ್ತ. ಚಲನಚಿತ್ರವಾದರೆ ಫೋನನ್ನು ಅಡ್ಡವಾಗಿ ಹಿಡಿದು, ಎರಡು ನಿಮಿಷಕ್ಕೆ ಮೀರದಂತೆ ಒಂದೇ ಕೆಲಸವನ್ನು, ಉದಾಹರಣೆಗೆ ಬೀಜೋಪಚಾರವನ್ನು, ಮೊದಲಿನಿಂದ ಕೊನೆಯವರೆಗೆ ತೋರಿಸಬೇಕು. ಆಧಾರ್, ಪಾಸ್‌ಬುಕ್ಕುಗಳ ಚಿತ್ರವನ್ನು ಗುಂಪುಗಳಲ್ಲಿ ಎಂದಿಗೂ ಹಾಕಕೂಡದು. ಹಿಂದಿನ ವರ್ಷದ ಪ್ರವಾಹದ ಚಿತ್ರವನ್ನು ಈ ವರ್ಷದ್ದೆಂದು ಹರಡಿದರೆ ನಿಜವಾಗಿ ನಷ್ಟ ಹೊಂದಿದವನ ಮಾತೂ ನಂಬಿಕೆಯನ್ನು ಕಳೆದುಕೊಳ್ಳುತ್ತದೆ.

ಗ್ರಾಮದ ಹಿರಿಯರಲ್ಲಿ ವಿಜ್ಞಾಪನೆ

ಈ ವಿದ್ಯೆಯನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಕಂಪ್ಯೂಟರು ಇರುವ ಗ್ರಾಮ ಪಂಚಾಯತಿ ಅರಿವು ಕೇಂದ್ರದಲ್ಲಿ ವಾರಕ್ಕೆ ಎರಡು ಸಂಜೆಗಳು ಸಾಕು. ಗ್ರಾಮದ ಮುಖಂಡರು ಓದುಬರಹ ಬಲ್ಲ ಇಬ್ಬರು ಹುಡುಗರನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಆರಿಸಿ, ಬಿತ್ತನೆಗೆ ಮುಂಚೆಯೇ ಅಭ್ಯಾಸ ಮಾಡಿಸಬೇಕು. ಫೋನಿಲ್ಲದ ಸಣ್ಣ ಹಿಡುವಳಿದಾರರ ಮತ್ತು ವಿಧವೆಯರ ಹೊಲಗಳ ಚಿತ್ರವನ್ನು ಮೊದಲು ತೆಗೆಯುವಂತೆ ಅವರಿಗೆ ಆಜ್ಞಾಪಿಸಬೇಕು. ದೊಡ್ಡ ಭೂಮಾಲೀಕನು ದಾಖಲೆಯ ತಪ್ಪನ್ನು ಕಚೇರಿಗೆ ಹೋಗಿ ತಿದ್ದಿಸಿಕೊಳ್ಳಬಲ್ಲನು. ಎರಡು ಎಕರೆಯವನಿಗೆ ಆ ತಪ್ಪೇ ವರ್ಷದ ತೊಗರಿಯ ಬೆಲೆಯಾಗುತ್ತದೆ.