ಕಲ್ಪಿತ ಪಾತ್ರಗಳಲ್ಲಿ ಶಕ್ತಿಯೂ ಸಾಧನೆಯೂ

ಹಲವರು ಕೂಡಿ ಒಂದು ಅದ್ಭುತಲೋಕವನ್ನು ಕಲ್ಪಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ ಕಥೆಯನ್ನು ಬೆಳೆಯಿಸುವ ವಿನೋದವನ್ನು ಪಾತ್ರಕ್ರೀಡೆಯೆಂದು ಕರೆಯಬಹುದು. ಇಂದು ಇದು ಅಂತರ್ಜಾಲದಲ್ಲಿ ಬರಹದ ಮೂಲಕವೂ ನಡೆಯುತ್ತಿದೆ. ಇದರಲ್ಲಿ ಬಹುಕಾಲದ ಒಂದು ವಿವಾದವುಂಟು. ಪಾತ್ರವು ಮೊದಲಿನಿಂದಲೇ ಸರ್ವಶಕ್ತವಾಗಿರಬಹುದೆ? ಇಲ್ಲವೆ ಅಲ್ಪಶಕ್ತಿಯಿಂದ ಹೊರಟು ಕ್ರಮಕ್ರಮವಾಗಿ ವಿದ್ಯೆಯನ್ನು ಸಂಪಾದಿಸಬೇಕೆ? ಈ ಪ್ರಶ್ನೆಯು ಕಾವ್ಯವಿಚಾರಕ್ಕೂ ಸಂಬಂಧಪಟ್ಟುದು.

1974ರಲ್ಲಿ ಅಮೆರಿಕಾ ದೇಶದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಕ್ರೀಡೆಯು ಏಳಿಗೆಯನ್ನು ಅಂಕಗಳಿಂದ ಅಳೆಯಿತು. ಎರಡನೆಯ ಮಟ್ಟಕ್ಕೇರಲು ಯೋಧನಿಗೆ 2,000 ಅನುಭವಾಂಕಗಳೂ ಮಾಂತ್ರಿಕನಿಗೆ 2,500 ಅಂಕಗಳೂ ಬೇಕಾಗಿದ್ದುವು. ಆದರೆ ನಿಧಿಯನ್ನು ತಂದವನಿಗೂ ಅಂಕಗಳು ದೊರೆಯುತ್ತಿದ್ದುದರಿಂದ ಅಭ್ಯಾಸಕ್ಕೂ ಏಳಿಗೆಗೂ ನೇರವಾದ ಸಂಬಂಧವಿರಲಿಲ್ಲ. 1978ರ ‘ರೂನ್‌ಕ್ವೆಸ್ಟ್’ ಈ ಕೊರತೆಯನ್ನು ನೀಗಿಸಿತು. ಅಲ್ಲಿ ಮಟ್ಟಗಳೇ ಇಲ್ಲ. ಒಂದೊಂದು ಕುಶಲತೆಯೂ ಶೇಕಡಾವಾರು ಅಂಕದಲ್ಲಿರುತ್ತದೆ. ಪ್ರಯೋಗಿಸಿ ಗೆದ್ದ ಕುಶಲತೆಯು ಮಾತ್ರ ದಾಳದ ಪರೀಕ್ಷೆಯಿಂದ ಹೆಚ್ಚಬಹುದು. ನಿಪುಣತೆಯು ಬೆಳೆದಂತೆಲ್ಲ ಮುಂದೆ ಹೆಚ್ಚುವ ಸಂಭವವು ಕುಗ್ಗುತ್ತದೆ. ಯಾವ ವಿದ್ಯಾರ್ಥಿಗೂ ಇದು ಪರಿಚಿತವಾದ ಸತ್ಯವು.

ನಿಯಮಗಳೂ ದಾಳಗಳೂ ಇಲ್ಲದ ಬರಹದ ಕ್ರೀಡೆಯಲ್ಲಿಯಾದರೋ ಶಕ್ತಿಯೆಲ್ಲವೂ ವಾಕ್ಯದಲ್ಲಿರುತ್ತದೆ. ‘ನನ್ನ ಖಡ್ಗವು ಅವನನ್ನು ಕೆಡಹಿತು’ ಎಂದು ಒಬ್ಬನು ಬರೆದುಬಿಟ್ಟರೆ ಎದುರಾಳಿಗೆ ಬರೆಯಲು ಏನೂ ಉಳಿಯದು. ಆದುದರಿಂದಲೇ ಪ್ರಯತ್ನವನ್ನು ಮಾತ್ರ ಬರೆದು ಫಲವನ್ನು ಎದುರಾಳಿಗೆ ಬಿಡುವ ಸಂಪ್ರದಾಯವು ಹುಟ್ಟಿದೆ. ಅತಿಶಕ್ತನಾದ ಪಾತ್ರಧಾರಿಯು ಅಪಹರಿಸುವುದು ಜಯವನ್ನಲ್ಲ, ಜೊತೆಗಾರನ ಕರ್ತೃತ್ವವನ್ನು.

ಇಷ್ಟರಿಂದ ಅತಿಶಕ್ತಿಯೇ ದೋಷವೆನ್ನಲಾಗದು. ಒಂಬತ್ತನೆಯ ಶತಮಾನದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಇದಕ್ಕೆ ಸಮೀಪವಾದ ವಿಷಯವನ್ನು ವಿಚಾರಿಸಿದ್ದಾನೆ. ಕೇವಲ ಮನುಷ್ಯನಾದ ರಾಜನು ಸಪ್ತಸಮುದ್ರಗಳನ್ನು ಲಂಘಿಸಿದನೆಂದು ವರ್ಣಿಸಿದರೆ, ವರ್ಣನೆಯು ಎಷ್ಟು ಸೊಗಸಾಗಿದ್ದರೂ ನೀರಸವಾಗುವುದೆಂದೂ, ಅದಕ್ಕೆ ಅನೌಚಿತ್ಯವೇ ಕಾರಣವೆಂದೂ ಅವನ ಅಭಿಪ್ರಾಯ. ಸಾತವಾಹನಾದಿಗಳು ನಾಗಲೋಕಕ್ಕೆ ಹೋದ ಕಥೆಗಳುಂಟಲ್ಲವೆ ಎಂಬ ಆಕ್ಷೇಪವನ್ನೂ ಅವನೇ ಎತ್ತಿ, ರಾಜರ ಅತಿಶಯಪ್ರಭಾವದ ವರ್ಣನೆಯು ಅನುಚಿತವೆಂದು ತಾನು ಹೇಳುವುದಿಲ್ಲವೆಂದು ಸಮಾಧಾನ ಹೇಳಿದ್ದಾನೆ. ಪಾತ್ರದ ಪ್ರಕೃತಿಗೆ ಹೊಂದದ ಶಕ್ತಿಯೇ ದೋಷವೆಂಬುದು ಇದರ ತಾತ್ಪರ್ಯವು.

ಏಕಕರ್ತೃಕವಾದ ಕಾವ್ಯದಲ್ಲಿ ಈ ಔಚಿತ್ಯವನ್ನು ಕವಿಯೊಬ್ಬನೇ ಕಾಯುತ್ತಾನೆ. ಬಹುಕರ್ತೃಕವಾದ ಕ್ರೀಡೆಯಲ್ಲಿ ಅದು ಪರಸ್ಪರ ಒಪ್ಪಂದದಿಂದ ಉಳಿಯಬೇಕು. ಕ್ರಮಸಾಧನೆಯ ನಿಯಮಗಳಿಗೆ ಬೆಲೆಯಿರುವುದು ಇಲ್ಲಿಯೇ. ಅವು ಪಾತ್ರದ ಶಕ್ತಿಗೆ ಒಂದು ಪೂರ್ವಚರಿತ್ರೆಯನ್ನು ಕೊಡುತ್ತವೆ. ಆ ಚರಿತ್ರೆಯನ್ನು ಜೊತೆಗಾರರು ಕಣ್ಣಾರೆ ಕಂಡಿರುವುದರಿಂದ ಅವನ ಗೆಲವು ಅವರಿಗೂ ಒಪ್ಪಿಗೆಯಾಗುತ್ತದೆ. ಸೋಲುವ ಸಂಭವವಿಲ್ಲದವನ ಸಾಹಸದಲ್ಲಿ ಉತ್ಸಾಹಕ್ಕೆ ಎಡೆಯೆಲ್ಲಿ? ಉತ್ಸಾಹವಿಲ್ಲದೆಡೆಯಲ್ಲಿ ವೀರರಸವು ನಿಷ್ಪನ್ನವಾಗದೆಂಬುದನ್ನು ಸಾಹಿತ್ಯದ ಉಪಾಧ್ಯಾಯರಿಗೆ ವಿವರಿಸಿ ಹೇಳಬೇಕಾಗಿಲ್ಲ.