ಪಿ.ಸಿ.ಬಿ. ವಿನ್ಯಾಸದಲ್ಲಿ ಟ್ರೇಸ್ ಉದ್ದದ ಹೊಂದಾಣಿಕೆ: ಟಾಲರೆನ್ಸ್ ನಿಗದಿಪಡಿಸುವ ವಿಧಾನ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು 2007ರಲ್ಲಿ ಪ್ರಾರಂಭಗೊಂಡಿದ್ದು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿರುತ್ತದೆ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಹಾಗೂ ಸಣ್ಣ ಉದ್ದಿಮೆದಾರರು ತಾವೇ ರೂಪಿಸಿದ ಪಿ.ಸಿ.ಬಿ.ಯನ್ನು ತಯಾರಿಕೆಗೆ ಕಳುಹಿಸುವ ಮುನ್ನ ಟ್ರೇಸ್‌ಗಳ, ಅಂದರೆ ಫಲಕದ ಮೇಲಿನ ತಾಮ್ರದ ಗೆರೆಗಳ, ಉದ್ದದಲ್ಲಿ ಎಷ್ಟು ವ್ಯತ್ಯಾಸವನ್ನು ಅನುಮತಿಸಬಹುದೆಂಬುದನ್ನು ನಿಗದಿಪಡಿಸಬೇಕಾಗುತ್ತದೆ. ಈ ಬಗ್ಗೆ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಮೊದಲಿಗೆ, ಹೊಂದಾಣಿಕೆಯ ಅಗತ್ಯವಿದೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು. ಹೊಲದ ಪಂಪ್‌ಸೆಟ್ಟನ್ನು ಮೊಬೈಲ್ ಮೂಲಕ ಚಾಲನೆ ಮಾಡುವ ನಿಯಂತ್ರಕದಲ್ಲಿ ಐ2ಸಿ ಸಂಪರ್ಕವು 400 ಕಿಲೋಹರ್ಟ್ಸ್ ವೇಗದಲ್ಲಿದ್ದರೆ ಒಂದು ಬಿಟ್‌ನ ಅವಧಿ 25 ಲಕ್ಷ ಪಿಕೋ ಸೆಕೆಂಡ್ ಆಗುತ್ತದೆ. ಸಂಕೇತವು ಸಾಮಾನ್ಯ ಎಫ್‌ಆರ್-4 ಫಲಕದಲ್ಲಿ ಒಂದು ಮಿ.ಮೀ. ಸಾಗಲು ಸುಮಾರು 6ರಿಂದ 7 ಪಿಕೋ ಸೆಕೆಂಡ್ ಸಾಕು. ಇಂತಹ ಕಡೆ ಗೆರೆಗಳನ್ನು ಸಮ ಮಾಡಲು ಹಾವಿನಂತೆ ಬಳಸುವುದು ಜಾಗವನ್ನೂ ಶ್ರಮವನ್ನೂ ವ್ಯರ್ಥ ಮಾಡಿದಂತೆ. ಹೊಸಬರು ಈ ತಪ್ಪನ್ನೇ ಹೆಚ್ಚಾಗಿ ಮಾಡುತ್ತಾರೆ.

ಡಿಡಿಆರ್3-1600 ಸ್ಮೃತಿ ಚಿಪ್ ಇರುವ ಫಲಕದ ವಿಷಯ ಬೇರೆ. ಇಲ್ಲಿ ಒಂದು ಬಿಟ್‌ನ ಅವಧಿ 625 ಪಿಕೋ ಸೆಕೆಂಡ್ ಮಾತ್ರ. ಒಂದೇ ಬೈಟ್‌ನ ಗೆರೆಗಳಲ್ಲಿ 10 ಮಿ.ಮೀ. ವ್ಯತ್ಯಾಸವಾದರೆ ಆ ಅವಧಿಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ಇಂತಹ ದೋಷವು ಮೇಜಿನ ಮೇಲಿನ ಪರೀಕ್ಷೆಯಲ್ಲಿ ಕಾಣದೆ, ಬಿಸಿಲಿನಲ್ಲಿ ಯಂತ್ರವು ಆಗೊಮ್ಮೆ ಈಗೊಮ್ಮೆ ಸ್ಥಗಿತಗೊಂಡಾಗ ಹೊರಬೀಳಬಹುದು.

ಟಾಲರೆನ್ಸನ್ನು ಉದ್ದದಿಂದಲ್ಲ, ಕಾಲದಿಂದ ಲೆಕ್ಕ ಹಾಕುವುದು ಕ್ರಮ. ಬಿಟ್‌ನ ಅವಧಿಯಿಂದ ಕಳುಹಿಸುವ ಚಿಪ್‌ನ ಅನಿಶ್ಚಿತತೆ, ಪಡೆಯುವ ಚಿಪ್‌ಗೆ ಬೇಕಾದ ಸೆಟಪ್ ಮತ್ತು ಹೋಲ್ಡ್ ಕಾಲ ಹಾಗೂ ಜಿಟ್ಟರ್ ಇವುಗಳನ್ನು ಕಳೆಯತಕ್ಕದ್ದು. ಉಳಿದ ಕಾಲದಲ್ಲಿ ಉದ್ದದ ವ್ಯತ್ಯಾಸಕ್ಕೆ 21 ಪಿಕೋ ಸೆಕೆಂಡ್ ಮೀಸಲಿಡಲಾಗಿದೆ ಎಂದು ಭಾವಿಸಿದಲ್ಲಿ, ಒಳಪದರದಲ್ಲಿ ಅದು 3 ಮಿ.ಮೀ.ಗೆ ಸಮ. ಇದು ಅತಿ ಉದ್ದದ ಹಾಗೂ ಅತಿ ಗಿಡ್ಡ ಗೆರೆಗಳ ನಡುವಣ ಒಟ್ಟು ಅಂತರ. ಆದ್ದರಿಂದ ನಿಯಮದಲ್ಲಿ ±1.5 ಮಿ.ಮೀ. ಎಂದು ನಮೂದಿಸಬೇಕು. ±3 ಎಂದು ಬರೆದರೆ ಅನುಮತಿಯು ಎರಡು ಪಟ್ಟಾಗುತ್ತದೆ. ಚಿಪ್‌ನ ಕವಚದೊಳಗಿನ ತಂತಿಯ ಉದ್ದವನ್ನೂ, ಒಂದು ಪದರದಿಂದ ಇನ್ನೊಂದಕ್ಕೆ ಇಳಿಯುವ ವಯಾಗಳ ಎತ್ತರವನ್ನೂ ಲೆಕ್ಕಕ್ಕೆ ಸೇರಿಸತಕ್ಕದ್ದು.

ಉದ್ದ ಸಮನಾದ ಮಾತ್ರಕ್ಕೆ ಕಾಲವೂ ಸಮನಾಗುವುದಿಲ್ಲ. ಹೊರಪದರದ ಗೆರೆಯ ಒಂದು ಬದಿಯಲ್ಲಿ ಗಾಳಿ ಇರುವುದರಿಂದ ಸಂಕೇತ ಅಲ್ಲಿ ತುಸು ವೇಗವಾಗಿ ಸಾಗುತ್ತದೆ. 50 ಮಿ.ಮೀ. ಉದ್ದದ ಎರಡು ಗೆರೆಗಳಲ್ಲಿ ಒಂದು ಹೊರಗೆ, ಇನ್ನೊಂದು ಒಳಗೆ ಇದ್ದಲ್ಲಿ ಸುಮಾರು 50 ಪಿಕೋ ಸೆಕೆಂಡ್ ಅಂತರ ಉಂಟಾಗಬಹುದು. ಆದಕಾರಣ ಒಂದು ಗುಂಪಿನ ಗೆರೆಗಳನ್ನು ಒಂದೇ ಪದರದಲ್ಲಿ ಎಳೆಯುವುದು ಸೂಕ್ತ.

ಯುಎಸ್‌ಬಿ, ಗಿಗಾಬಿಟ್ ಈಥರ್ನೆಟ್ ಮುಂತಾದವುಗಳಲ್ಲಿ ಜೋಡಿಯ ಎರಡು ಗೆರೆಗಳು ಪರಸ್ಪರ ಹೊಂದಿರಬೇಕು. ಈಥರ್ನೆಟ್‌ನ ನಾಲ್ಕು ಜೋಡಿಗಳ ನಡುವೆ ಅಷ್ಟೇ ಬಿಗಿಯಾದ ಹೊಂದಾಣಿಕೆ ಬೇಕಿಲ್ಲ. ಕೇಬಲ್‌ನಲ್ಲೇ ಹತ್ತಾರು ನ್ಯಾನೋ ಸೆಕೆಂಡ್‌ಗಳ ವ್ಯತ್ಯಾಸಕ್ಕೆ ಅವಕಾಶವಿದ್ದು, ಪಡೆಯುವ ಚಿಪ್ ಅದನ್ನು ಸರಿದೂಗಿಸುತ್ತದೆ.

ಉದ್ದದ ಟಾಲರೆನ್ಸನ್ನು ವಿನ್ಯಾಸ ತಂತ್ರಾಂಶದಲ್ಲೇ ಪಾಲಿಸಬೇಕಾಗಿದ್ದು, ತಯಾರಕರು ಅದನ್ನು ಸರಿಪಡಿಸುವುದಿಲ್ಲ. ತಯಾರಕರಿಗೆ ಪದರಗಳ ಜೋಡಣೆ, ಗೆರೆಯ ಅಗಲ ಮತ್ತು ಇಂಪೀಡೆನ್ಸ್ ಟಾಲರೆನ್ಸನ್ನು ತಿಳಿಸತಕ್ಕದ್ದು. ಇಂಪೀಡೆನ್ಸ್‌ಗೆ ±10 ಶೇಕಡಾ ಸಾಮಾನ್ಯವಾಗಿ ಬಳಕೆಯಲ್ಲಿದೆ.

ಅರ್ಜಿದಾರರ ಗಮನಕ್ಕೆ: ಭಾರತದ 2000ನೇ ಇಸವಿಯ ಅರೆವಾಹಕ ಇಂಟಿಗ್ರೇಟೆಡ್ ಸರ್ಕ್ಯೂಟ್ ಲೇಔಟ್ ವಿನ್ಯಾಸ ಕಾಯಿದೆಯಡಿ 10 ವರ್ಷಗಳ ನೋಂದಣಿ ದೊರೆಯುವುದು ಚಿಪ್‌ನೊಳಗಿನ ವಿನ್ಯಾಸಕ್ಕೆ. ಪಿ.ಸಿ.ಬಿ. ಮೇಲಿನ ಟ್ರೇಸ್‌ಗಳ ವಿನ್ಯಾಸ ಅದರ ವ್ಯಾಪ್ತಿಗೆ ಬರುವುದಿಲ್ಲ.